ಕುಡಿಯಲು ಯೋಗ್ಯ

ಕದಿರಪ್ಪನ ಹೆಣ ಎತ್ತಿದ ಮಾರನೆಯ ದಿನ ಹೆಲ್ತ್ ಇನ್‌ಸ್ಪೆಕ್ಟರ್ ನರಸಿಂಹಪ್ಪ ಕೇರಿಗೆ ಬಂದ. ಒಳಗೆ ಬರಲಿಲ್ಲ. ಹೊರಗೇ ಹುಣಸೆಮರದ ಕೆಳಗೆ ಸೈಕಲ್ಲು ನಿಲ್ಲಿಸಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂಗಿದ.

"ಮುನಿಸಿಪಾಲಿಟಿ ಕೂಲಿಯೋರು ಯಾರಾದ್ರೂ ಬದುಕಿದೀರೇನ್ರೋ?"

ಕದಿರಪ್ಪನ ಹೆಂಡತಿ ಬಚ್ಚಮ್ಮ ಗುಡಿಸಲ ಬಾಗಿಲಲ್ಲಿ ಕೂತಿದ್ದಳು. ಕೇರಿಗೆ ವಾಂತಿಭೇದಿ ನುಗ್ಗಿ ವಾರವಾಗಿತ್ತು. ಬೆಳಗ್ಗೆ ಸಲಿಕೆ ಹಿಡಿದು ಮರಳು ಕೆರೆದ ಗಂಡ ಸಂಜೆಗೆ ಹಿಂಡಿ ಬಿಸಾಕಿದ ಬಟ್ಟೆಯಂತಾಗಿದ್ದ. ಕಣ್ಣು ಗುಳಿ ಬಿದ್ದಿತ್ತು. ಕಾಲು ಸೆಟೆದುಕೊಂಡಿತ್ತು. ನೀರು ನೀರು ಎಂದು ಒದ್ದಾಡಿದ. ಅವಳು ಬಾವಿಯಿಂದ ಸೇದಿ ಸೇದಿ ಕುಡಿಸಿದಳು. ಕುಡಿಸಿದಷ್ಟೂ ಹೊರಗೆ ಹೋಯಿತು. ಅದೇ ಬಾವಿಯ ನೀರು. ಬೇರೆ ನೀರು ಇರಲಿಲ್ಲ.

ಬಂಡೆಕೋಟೆ ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವಿನ ಪೇಟೆ. ಅಲ್ಲಿಗೆ ನಲ್ಲಿ ಬಂದು ನಾಲ್ಕೈದು ವರ್ಷವಾಗಿತ್ತು. ಕೆರೆಯ ನೀರು ದಿಬ್ಬದ ಮೇಲಿನ ಫಿಲ್ಟರ್ ಮನೆಗೆ ಬಂದು, ಮರಳು ತುಂಬಿದ ಎರಡು ತೊಟ್ಟಿಗಳಲ್ಲಿ ಇಳಿದು, ಪಕ್ಕದ ತೊಟ್ಟಿಯಲ್ಲಿ ತಿಳಿಯಾಗಿ ನಿಂತು, ಕೊಳವೆಯಲ್ಲಿ ಪೇಟೆಗೆ ಹೋಗುತ್ತಿತ್ತು. ಮರಳಿನ ಮೇಲೆ ಕಟ್ಟುವ ಪಾಚಿ ಕೆರೆದು ಹೊರುವುದು ಕೇರಿಯವರ ಕೆಲಸ. ಕೇರಿಗೆ ನಲ್ಲಿ ಬರಲಿಲ್ಲ. ಬಂದದ್ದು ಮೋರಿ. ನಲ್ಲಿ ಬಂದ ಮೇಲೆ ಪೇಟೆಯ ಬಚ್ಚಲು, ಕಕ್ಕಸು ತೊಳೆದ ನೀರು ಹೆಚ್ಚಾಯಿತು. ಅದು ಹರಿಯಲು ಜಾಗ ಬೇಕಾಯಿತು. ಕೇರಿಯ ಬಾವಿಯ ಪಕ್ಕದಲ್ಲೇ ಮೋರಿ ತೋಡಿದರು. ಈ ಸಲದ ಮಳೆಗೆ ಮೋರಿಯ ದಡ ಕುಸಿದು ಕೊಳಕು ಬಾವಿಯ ಕಟ್ಟೆಗೇ ಬಂದು ನಿಂತಿತು.

"ಏಯ್, ನೀನು ಬಾ," ಎಂದ ನರಸಿಂಹಪ್ಪ. "ಪೆಟ್ಟಿಗೆ ಹೊರಬೇಕು."

"ಸಾಮಿ, ನೆನ್ನೆ ನನ್ನ ಗಂಡ..."

"ಗೊತ್ತು. ಅದಕ್ಕೇ ನಿಮ್ಮ ಬಾವಿ ನೀರು ಪರೀಕ್ಷೆಗೆ ಕಳಿಸ್ತಿರೋದು. ಬೆಂಗಳೂರಿಗೆ ಹೋಗಬೇಕು. ಏಳು."

ಒಳಗೆ ಅತ್ತೆ ದೊಡ್ಡವೆಂಕಟಮ್ಮ "ನಾ ಕೊಡುಕಾ, ನಾ ಕೊಡುಕಾ" ಎಂದು ಸತ್ತ ಮಗನನ್ನು ಕರೆಯುತ್ತ ನೆಲ ಬಡಿಯುತ್ತಿದ್ದಳು. ಬಚ್ಚಮ್ಮ ಎದ್ದಳು. ನೀರು ಬೆಂಗಳೂರಿಗೆ ಹೋದರೆ ನಿಜ ಗೊತ್ತಾಗುತ್ತದೆ ಎಂದುಕೊಂಡು ಎದ್ದಳು. ಸೈಕಲ್ಲಿಗೆ ಕಟ್ಟಿದ್ದ ಮರದ ಪೆಟ್ಟಿಗೆ ಬಿಚ್ಚಿ ತಲೆಗೇರಿಸಿದಳು.

ನರಸಿಂಹಪ್ಪ ಬಾವಿಯ ಕಡೆ ತಿರುಗಲಿಲ್ಲ. ಸೈಕಲ್ಲು ತಳ್ಳಿಕೊಂಡು ದಿಬ್ಬ ಹತ್ತಿದ. ಫಿಲ್ಟರ್ ಮನೆಯ ಗೇಟಿನ ಮುಂದೆ ಒಂದು ನಲ್ಲಿಯಿತ್ತು. ಪೆಟ್ಟಿಗೆ ಇಳಿಸಲು ಹೇಳಿದ. ಅದರಿಂದ ಗಾಜಿನ ಸೀಸೆ ತೆಗೆದು, ನಲ್ಲಿ ತಿರುಗಿಸಿ ತುಂಬಿಸಿದ. ಬಿರಡೆ ಹಾಕಿ ಅರಗು ಒತ್ತಿದ. ಚೀಟಿ ಬರೆದು ಅಂಟಿಸಿದ.

"ಸಾಮಿ, ಇದು ಪೇಟೆ ನೀರಲ್ವಾ?"

"ನೀರು ನೀರೇ. ಆ ಹೊಲಸಿನ ಹತ್ರ ಹೋಗಿ ನಾನೂ ಸಾಯಲಾ?"

"ಮತ್ತೆ ನಮ್ಮ ಬಾವೀದು?"

"ಬಾಯಿ ಮುಚ್ಚೇ. ಇಲ್ಲಿ ಒತ್ತು."

ಶಾಯಿಯ ಪ್ಯಾಡನ್ನು ನೆಲಕ್ಕೆ ಎಸೆದ. ಪಕ್ಕದಲ್ಲಿ ಒಂದು ಕಾಗದ ಇಟ್ಟು ಹಿಂದೆ ಸರಿದು ನಿಂತ. ಬಚ್ಚಮ್ಮ ಕುಕ್ಕುರುಗಾಲಲ್ಲಿ ಕೂತು ಹೆಬ್ಬೆಟ್ಟು ಒತ್ತಿದಳು. ಕೂಲಿಗೆ ಒತ್ತುವುದು ಅವಳಿಗೆ ಅಭ್ಯಾಸ. ಇದೂ ಹೊರುವ ಕೂಲಿಗೆ ಎಂದುಕೊಂಡಳು. ನರಸಿಂಹಪ್ಪ ಕಾಗದದ ತುದಿ ಹಿಡಿದು ಎತ್ತಿಕೊಂಡ. ಅವಳು ಪೆಟ್ಟಿಗೆ ಹೊತ್ತು ಶ್ರೀನಿವಾಸಪುರದ ರೈಲ್ವೆ ಸ್ಟೇಷನ್ನಿಗೆ ನಡೆದಳು. ದಾರಿಯಲ್ಲಿ ಯಾರೂ ಅವಳನ್ನು ತಡೆಯಲಿಲ್ಲ. ಅದೇ ನೀರು ಕುಡಿಯುವ ಕೊಡದಲ್ಲಿದ್ದರೆ ಕಲ್ಲು ಬೀಳುತ್ತಿತ್ತು. ಇದು ಸರ್ಕಾರದ ನೀರು.

ವರದಿ ಬರುವ ಹೊತ್ತಿಗೆ ಕೇರಿಯಲ್ಲಿ ಇನ್ನೂ ಮೂರು ಹೆಣ ಬಿದ್ದಿದ್ದವು. ತಮಟೆ ಬಾರಿಸಿ ಜನ ಸೇರಿಸಿದರು. ಪ್ರೆಸಿಡೆಂಟ್ ದೊಡ್ಡನಾರಾಯಣಪ್ಪ ಖುದ್ದು ಬಂದಿದ್ದ. ಪೇಟೆಯಲ್ಲಿ ಅವನಿಗೆ ಮಂಡಿ ಇತ್ತು, ಮಾವಿನ ತೋಪಿತ್ತು, ಮುನಿಸಿಪಾಲಿಟಿಯೂ ಇತ್ತು. ಹುಣಸೆಮರದ ಕೆಳಗೆ ಅವನಿಗೆ ಕುರ್ಚಿ ಹಾಕಿದರು. ನರಸಿಂಹಪ್ಪ ಗಟ್ಟಿಯಾಗಿ ಓದಿದ.

"ಬಂಡೆಕೋಟೆ ಹೊಲಗೇರಿ ಬಾವಿಯ ನೀರು ನಿರ್ಮಲವಾಗಿದೆ. ಕುಡಿಯಲು ಯೋಗ್ಯವಾಗಿದೆ."

ಜನ ಮಿಕಿಮಿಕಿ ನೋಡಿದರು.

"ಕೇಳಿಸ್ತಾ?" ಎಂದ ದೊಡ್ಡನಾರಾಯಣಪ್ಪ. "ನೀರು ಚೆನ್ನಾಗಿದೆ ಅಂತ ಬೆಂಗಳೂರಿನ ಡಾಕ್ಟ್ರೇ ಬರೆದವ್ರೆ. ರೋಗ ನಿಮ್ಮ ಕೊಳಕಿಂದ ಬಂದಿರೋದು. ಸತ್ತ ದನ ತಿಂತೀರಿ. ಮೈ ತೊಳೆಯಲ್ಲ. ಈಗ ಪೇಟೆಗೂ ಅಂಟಿಸ್ಬೇಕು ಅಂತಿದೀರಾ? ರೋಗ ಬಂದ ಗುಡಿಸಲು ಸುಡ್ಬೇಕು ಅಂತ ರೆಜಲ್ಯೂಷನ್ ಆಗೈತೆ."

ಕೇರಿಯ ಯಜಮಾನ ಮುನಿಯಲ್ಲಪ್ಪ ಹೆಗಲ ವಸ್ತ್ರ ಕೈಗೆ ತೆಗೆದುಕೊಂಡು ಬಗ್ಗಿ ನಿಂತ. "ಧಣಿ, ಆ ಬಾವಿ ನೀರು ಮೂಸಿ ನೋಡಿದ್ರೆ ಸಾಕು. ಪೇಟೆಯೋರ ಹೇಲು ತೇಲ್ತೈತೆ."

"ಹಾಗಾದ್ರೆ ಡಾಕ್ಟ್ರು ಸುಳ್ಳು ಬರೆದ್ರೇನೋ?"

"ಆ ನೀರು ನಮ್ಮ ಬಾವೀದಲ್ಲ," ಎಂದಳು ಬಚ್ಚಮ್ಮ. ಹೆಂಗಸರ ಗುಂಪಿನಿಂದ ಮುಂದೆ ಬಂದು ನಿಂತಿದ್ದಳು. "ಫಿಲ್ಟರ್ ಮನೆ ನಲ್ಲೀಲಿ ಹಿಡಿದ್ರು. ನಾನೇ ಹೊತ್ತೋಗಿದ್ದು."

ನರಸಿಂಹಪ್ಪ ನಕ್ಕ. ಇನ್ನೊಂದು ಕಾಗದ ಎತ್ತಿ ತೋರಿಸಿದ. "ಹೊಲಗೇರಿ ಬಾವಿಯಲ್ಲಿ ನನ್ನ ಸಮಕ್ಷಮ ನೀರು ತುಂಬಿದ್ದು ನಿಜ. ಸಾಕ್ಷಿ, ಕದಿರಪ್ಪನ ಹೆಂಡತಿ ಬಚ್ಚಮ್ಮ. ಇದು ಯಾರ ಹೆಬ್ಬೆಟ್ಟೇ?"

ಕೇರಿಗೆ ಕೇರಿಯೇ ಅವಳ ಕಡೆ ತಿರುಗಿತು. ದೊಡ್ಡವೆಂಕಟಮ್ಮ ಕೋಲೂರಿಕೊಂಡು ಹತ್ತಿರ ಬಂದಳು. ಸೊಸೆಯ ಮುಖ ನೋಡಿದಳು.

"ಒತ್ತಿದ್ಯಾ?"

"ಕೂಲಿಗೆ ಅಂದ್ಕೊಂಡೆ ಅತ್ತೆ."

ಮುದುಕಿ ಅವಳ ಮುಖಕ್ಕೆ ಉಗುಳಿದಳು. ಬಚ್ಚಮ್ಮ ಒರೆಸಿಕೊಳ್ಳಲಿಲ್ಲ.

ಅಂದು ಮಧ್ಯಾಹ್ನವೇ ಜವಾನರು ಬಂದು ಸೀಮೆಎಣ್ಣೆ ಸುರಿದರು. ಕದಿರಪ್ಪನ ಗುಡಿಸಲು ಮೊದಲು ಹತ್ತಿಕೊಂಡಿತು. ಅವನು ಮಲಗಿದ ಚಾಪೆ, ಹೊದ್ದ ಕಂಬಳಿ, ರಾಗಿ ತುಂಬಿದ ಮಡಿಕೆ ಎಲ್ಲ ಒಳಗೇ ಇದ್ದವು. ರಾಗಿ ಸುಟ್ಟ ವಾಸನೆ ಸಂಜೆಯವರೆಗೂ ಇತ್ತು. ಹೊಟ್ಟೆಗಿಲ್ಲದ ಮಕ್ಕಳು ಬೂದಿ ಕೆದಕಿ ಕರಿಕಲು ಕಾಳು ಆರಿಸಿ ತಿಂದವು.

ಬಚ್ಚಮ್ಮ ಮುನಿಯಲ್ಲಪ್ಪನ ಜಗಲಿಗೆ ಹೋದಳು. "ಮಾವ, ಕೋಲಾರಕ್ಕೆ ಹೋಗಾಣ. ಅಲ್ಲಿ ದೊಡ್ಡ ಡಾಕ್ಟ್ರು ಇರ್ತಾರಂತೆ."

"ನಮ್ಮನ್ನ ಒಳಗೆ ಬುಡ್ತಾರಾ?"

"ಹೊರಗೇ ನಿಂತು ಕೂಗ್ತೀನಿ. ನನ್ನ ಹೆಬ್ಬೆಟ್ಟಿಂದ ಆಗಿರೋದು. ನಾನೇ ಹೇಳ್ಬೇಕು."

ನಡೆದೇ ಹೋದರು. ಜಿಲ್ಲಾ ಹೆಲ್ತ್ ಆಫೀಸಿನ ಕಾಂಪೌಂಡಿನಲ್ಲಿ ಬಿಸಿಲಿಗೆ ಕೂತು ಕಾದರು. ಜವಾನ ಅಟ್ಟಿದ. ಮತ್ತೆ ಬಂದು ಕೂತರು. ಮಾರನೆಯ ದಿನ ಡಾಕ್ಟರು ಮೋಟಾರು ಹತ್ತುವಾಗ ಬಚ್ಚಮ್ಮ ಅಡ್ಡ ನಿಂತಳು. "ಸಾಮಿ, ನಮ್ಮ ಬಾವಿ ನೀರಂತ ಬೇರೆ ನೀರು ಕಳ್ಸವ್ರೆ. ಜನ ಸಾಯ್ತಾವ್ರೆ. ಒಂದು ಸಲ ಬಂದು ನೋಡಿ."

ಡಾಕ್ಟರು ಬಂದರು. ಅವರು ಕೆಟ್ಟವರಲ್ಲ. ಬಾವಿಯ ಹತ್ತಿರಕ್ಕೇ ಹೋದರು. ವಾಸನೆಗೆ ಮುಖ ತಿರುಗಿಸಿದರು, ಆದರೆ ಹಿಂದೆ ಸರಿಯಲಿಲ್ಲ. ತಾವೇ ಸೀಸೆ ಇಳಿಬಿಟ್ಟು ನೀರು ಹಿಡಿದರು. ಹೋಗುವಾಗ ನರಸಿಂಹಪ್ಪನಿಗೆ ಇಂಗ್ಲಿಷಿನಲ್ಲಿ ಏನೋ ಗದರಿದರು. ಅವನು ಕೈಕಟ್ಟಿ ನಿಂತಿದ್ದ. ಕೇರಿಯವರು ಅದನ್ನು ನೋಡಿ ಎಷ್ಟೋ ದಿನದ ಮೇಲೆ ನೆಮ್ಮದಿಯ ಉಸಿರು ಬಿಟ್ಟರು.

ಎರಡನೆಯ ವರದಿ ಬಂತು. ಈ ನೀರು ಕುಡಿಯಲು ಯೋಗ್ಯವಲ್ಲ. ಕೂಡಲೇ ತಕ್ಕ ಕ್ರಮ ಕೈಗೊಂಡು ತಿಳಿಸತಕ್ಕದ್ದು ಎಂದು ಮುನಿಸಿಪಾಲಿಟಿಗೆ ಹುಕುಂ.

ಮುನಿಸಿಪಾಲಿಟಿ ಕೂಡಲೇ ಕ್ರಮ ಕೈಗೊಂಡಿತು. ಗಾಡಿಯಲ್ಲಿ ಕಲ್ಲುಚಪ್ಪಡಿ ತಂದು ಬಾವಿಯ ಬಾಯಿ ಮುಚ್ಚಿಸಿತು. ಸಂದಿಗೆ ಗಾರೆ ಮೆತ್ತಿಸಿತು. ಚಪ್ಪಡಿ ಹೊತ್ತವರೂ ಕೇರಿಯವರೇ. ಹಲಗೆಗೆ ಬಣ್ಣ ಬಳಿದು 'ಈ ನೀರು ಕುಡಿಯಕೂಡದು' ಎಂದು ಬರೆಸಿ ನೆಟ್ಟಿತು. ಹುಕುಂ ಪಾಲಿಸಲಾಗಿದೆ ಎಂದು ಕೋಲಾರಕ್ಕೆ ಬರೆದು ಕೈತೊಳೆದುಕೊಂಡಿತು.

"ನಾವೇನು ಕುಡಿಯಾದು ಧಣಿ?" ಎಂದು ಮುನಿಯಲ್ಲಪ್ಪ ಮಂಡಿಯ ಮುಂದೆ ನಿಂತು ಕೇಳಿದ.

"ನೀವೇ ತಾನೆ ಕೋಲಾರದವರೆಗೂ ಹೋಗಿ ದೂರು ಕೊಟ್ಟಿದ್ದು? ಆ ನೀರು ಕೆಟ್ಟದ್ದು ಅಂದ್ರಿ. ಮುಚ್ಚಿಸಿದ್ವಿ."

"ಒಂದು ನಲ್ಲಿ ಹಾಕ್ಸಿಕೊಡಿ. ಕೇರಿ ಹೊರಗೇ ಇರ್ಲಿ."

"ಯುದ್ಧ ನಡೀತಿದೆ ಕಣಯ್ಯಾ. ಪೈಪಿಗೆ ಕಬ್ಬಿಣ ಎಲ್ಲಿಂದ ತರ್ಲಿ? ಹಿಟ್ಲರನ್ನ ಕೇಳ್ಲಾ?"

ಮಂಡಿಯಲ್ಲಿದ್ದವರೆಲ್ಲ ನಕ್ಕರು.

ಹೆಂಗಸರು ಕೆರೆಗೆ ಹೋದರು. ಕಾವಲುಗಾರ ಕೋಲು ಹಿಡಿದು ಅಟ್ಟಿದ. ಪೇಟೆಗೆ ಕುಡಿಯುವ ನೀರಿನ ಕೆರೆ, ಹೊಲೆಯರು ಇಳಿಯಬಾರದು ಎಂದ. ಪೇಟೆಯ ನಲ್ಲಿಗಳ ಹತ್ತಿರ ಕೊಡ ಇಟ್ಟು ದೂರ ನಿಂತರು. ಯಾರಾದರೂ ಮನಸ್ಸು ಬಂದವರು ತಮ್ಮದು ತುಂಬಿದ ಮೇಲೆ ಮೇಲಿಂದ ಸುರಿಯುತ್ತಿದ್ದರು. ಬೆಳಗಿನಿಂದ ನಿಂತವಳಿಗೆ ಮಧ್ಯಾಹ್ನ ಅರ್ಧ ಕೊಡ. ಕೆಲವು ಹುಡುಗರು ಕೊಡಕ್ಕೆ ಉಗುಳಿ ನಗುತ್ತಿದ್ದರು. ಚೆಲ್ಲಿ ಬರಿಗೈಯಲ್ಲಿ ಹೋಗುವ ಹಾಗಿಲ್ಲ. ತೆಗೆದುಕೊಂಡು ಹೋಗಿ ಮಕ್ಕಳಿಗೆ ಕುಡಿಸಬೇಕು.

ಗುಡಿಸಲು ಸುಟ್ಟ ಮೇಲೆ ಅತ್ತೆ ಸೊಸೆ ಮುನಿಯಲ್ಲಪ್ಪನ ಜಗಲಿಯಲ್ಲೇ ಇದ್ದರು. ದೊಡ್ಡವೆಂಕಟಮ್ಮ ಸೊಸೆಯ ಜೊತೆ ಮಾತು ಬಿಟ್ಟಿದ್ದಳು. ಬಚ್ಚಮ್ಮ ತಂದ ನೀರು ಮಾತ್ರ ಕುಡಿಯುತ್ತಿದ್ದಳು. ಒಂದು ದಿನ ಖಾಲಿ ಲೋಟ ಕೆಳಗಿಟ್ಟು, "ನಿನ್ನ ತಪ್ಪಲ್ಲ ಕಣೇ," ಎಂದಳು. ಅಷ್ಟೇ. ಬಚ್ಚಮ್ಮ ಗೋಡೆಯ ಕಡೆ ತಿರುಗಿ ಅತ್ತಳು. ಗಂಡ ಸತ್ತಾಗ ಅವಳಿಗೆ ಅಳಲು ಪುರಸೊತ್ತಾಗಿರಲಿಲ್ಲ.

ಬೇಸಿಗೆ ಬಂತು. ಕೆರೆಯ ನೀರು ಹಸಿರಾಯಿತು. ಮರಳುತೊಟ್ಟಿಗಳ ಮೇಲೆ ಪಾಚಿ ದಪ್ಪವಾಗಿ ಕಟ್ಟಿ ನೀರು ಇಳಿಯುವುದು ನಿಧಾನವಾಯಿತು. ಪೇಟೆಯ ನಲ್ಲಿ ಸಣ್ಣಗೆ ಬರತೊಡಗಿತು. ಎರಡು ತೊಟ್ಟಿಯನ್ನೂ ಕೆರೆಯಬೇಕು ಎಂದು ಕೇರಿಗೆ ಕರೆ ಬಂತು. ಹೋಗದಿದ್ದರೆ ಕೂಲಿಯಿಲ್ಲ, ಕೂಲಿಯಿಲ್ಲದಿದ್ದರೆ ರಾಗಿಯಿಲ್ಲ. ಹೋದರು.

ನೀರು ಬಸಿದ ತೊಟ್ಟಿಗೆ ಬರಿಗಾಲಲ್ಲಿ ಇಳಿಯಬೇಕು. ಪಾಚಿ ಮೀನು ಕೊಳೆತಂತೆ ನಾರುತ್ತದೆ. ಗಂಡಸರು ಸಲಿಕೆಯಿಂದ ಮೇಲಿನ ಕರಿ ಮರಳು ತೆಳ್ಳಗೆ ಕೆರೆಯುತ್ತಾರೆ. ಹೆಂಗಸರು ಮಂಕರಿಗೆ ತುಂಬಿ ಏಣಿ ಹತ್ತಿ ಹೊರಗೆ ಸುರಿಯುತ್ತಾರೆ. ಮಂಕರಿಯಿಂದ ಕರಿ ನೀರು ಕೂದಲಿಗೆ, ಕಣ್ಣಿಗೆ, ಬಾಯಿಗೆ, ರವಿಕೆಯೊಳಗೆ ಇಳಿಯುತ್ತದೆ. ಬೆರಳ ಸಂದಿ ಕೊಳೆಯುತ್ತದೆ. ಕತ್ತು ಕುಸಿಯುತ್ತದೆ. ದಿಬ್ಬದ ಬಂಡೆಯ ಕಾವು ಬೇರೆ. ಆ ದಿನ ಬೆಳಗಿನಿಂದ ಯಾರ ಬಾಯಿಗೂ ಹನಿ ನೀರು ಬಿದ್ದಿರಲಿಲ್ಲ. ಫಿಲ್ಟರ್ ಮನೆಯ ಕಾವಲುಗಾರ ಮಧ್ಯಾಹ್ನ ಊಟದ ಹೊತ್ತಿಗೆ ಮೇಲಿಂದ ಬೊಗಸೆಗೆ ಹುಯ್ಯುತ್ತೇನೆ ಎಂದಿದ್ದ. ಊಟದ ಹೊತ್ತು ದಾಟಿತು. ಅವನು ನೆರಳಲ್ಲಿ ಮಲಗಿದ್ದ.

ಅಕ್ಕಯಮ್ಮ ಎಂಬ ಬಸುರಿ ಹೆಂಗಸು ಏಣಿಯ ಮೇಲೆ ಕಣ್ಣು ಕತ್ತಲೆ ಬಂದು ಮಂಕರಿ ಸಮೇತ ಕೆಳಗೆ ಬಿದ್ದಳು. ಎತ್ತಿ ಕೂರಿಸಿದರು. ತುಟಿ ಬಿಳಿಚಿಕೊಂಡು ಒಡೆದಿತ್ತು. ನಾಲಿಗೆ ಹೊರಳಲಿಲ್ಲ.

ಬಚ್ಚಮ್ಮ ತಲೆಯ ಮೇಲಿನ ಮಂಕರಿ ಇಳಿಸಿದಳು. ಏಣಿ ಹತ್ತಿ ಹೊರಗೆ ಬಂದಳು. ಪಕ್ಕದಲ್ಲೇ ತಿಳಿನೀರಿನ ತೊಟ್ಟಿ. ಅದರ ತಗಡಿನ ಬಾಗಿಲಿಗೆ ಬೀಗವಿರಲಿಲ್ಲ. ಒಳಗೆ ಮೆಟ್ಟಿಲು. ತಂಪು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲು ಕಾಣುತ್ತಿತ್ತು. ಅವಳು ಮೊಣಕಾಲವರೆಗೆ ಇಳಿದು, ಬಗ್ಗಿ, ಬಾಯಿ ಹಚ್ಚಿ ಕುಡಿದಳು. ಕಾವಲುಗಾರನ ಕೊಡ ಅಲ್ಲೇ ಇತ್ತು. ತುಂಬಿಕೊಂಡು ಬಂದು ಅಕ್ಕಯಮ್ಮನಿಗೆ ಕುಡಿಸಿದಳು. ಮುಖ ತೊಳೆದಳು. "ಬರ್ರೇ, ಎಲ್ಲಾ ಕುಡೀರಿ," ಎಂದಳು. ಜನ ಅವಳನ್ನು ನೋಡಿದರು, ನೀರನ್ನು ನೋಡಿದರು. ಮೊದಲು ಮುನಿಯಲ್ಲಪ್ಪ ಸಲಿಕೆ ಬಿಟ್ಟು ಬಂದ. ಆಮೇಲೆ ಎಲ್ಲರೂ ಬಂದರು.

ಕಾವಲುಗಾರ ಎದ್ದವನೇ ಬಾಯಿ ಬಡಿದುಕೊಳ್ಳುತ್ತ ಪೇಟೆಗೆ ಓಡಿದ.

ದೊಡ್ಡನಾರಾಯಣಪ್ಪ, ನರಸಿಂಹಪ್ಪ, ಹಿಂದೆ ದೊಣ್ಣೆ ಹಿಡಿದ ನೂರಾರು ಜನ ಬಂದರು. ಕೇರಿಯವರು ತೊಟ್ಟಿಯ ಕಟ್ಟೆಗೆ ಬೆನ್ನು ಕೊಟ್ಟು ನಿಂತಿದ್ದರು.

"ಯಾವಳೇ ಇಳಿದೋಳು?" ಎಂದ ದೊಡ್ಡನಾರಾಯಣಪ್ಪ.

"ನಾನು."

"ಪೇಟೆ ಕುಡಿಯೋ ನೀರಿಗೆ ಕಾಲಿಟ್ಟು ಕೆಡಿಸಿದ್ಯಲ್ಲೇ ಮುಂಡೆ!"

"ಇವತ್ತು ಇಟ್ಟಿದ್ದಾ ಧಣಿ?" ಬಚ್ಚಮ್ಮ ತನ್ನ ಕಾಲು ತೋರಿಸಿದಳು. ಕರಿ ಮರಳು ಮೊಣಕಾಲವರೆಗೂ ಮೆತ್ತಿತ್ತು. "ನಲ್ಲಿ ಬಂದಾಗ್ನಿಂದ ಈ ಮರಳಲ್ಲಿ ನಿಂತಿರೋವು ನಮ್ಮ ಕಾಲೇ. ನಮ್ಮ ಬೆವರು, ನಮ್ಮ ಉಗುಳು ಇದ್ರೊಳಗೇ ಬಿದ್ದೈತೆ. ನನ್ನ ಗಂಡ ವಾಂತಿ ಬಂದ ದಿನಾನೂ ಇಲ್ಲೇ ಕೆರೀತಿದ್ದ. ಆ ಮರಳಿಂದ ಇಳಿದ ನೀರೇ ನೀವು ಕುಡಿದಿದ್ದು. ದೇವರಿಗೆ ಅಭಿಷೇಕ ಮಾಡಿದ್ದು. ಕೆಟ್ಟಿದ್ರೆ ಅವತ್ತೇ ಕೆಟ್ಟೈತೆ."

ಗುಂಪಿನಲ್ಲಿ ಯಾರೋ ಓಕರಿಸಿದರು. ಆಮೇಲೆ ದೊಣ್ಣೆಗಳು ಬಿದ್ದವು. ಮುನಿಯಲ್ಲಪ್ಪನ ಮುಂಗೈ ಮುರಿಯಿತು. ಬಚ್ಚಮ್ಮನ ಜುಟ್ಟು ಹಿಡಿದು ಕಲ್ಲಿನ ಮೇಲೆ ಎಳೆದರು. ಪೊಲೀಸರು ಬರುವವರೆಗೂ ಹೊಡೆದರು. ಪೊಲೀಸರು ಬಂದು ಅವಳನ್ನೇ ಹಿಡಿದುಕೊಂಡು ಹೋದರು.

ದೊಡ್ಡನಾರಾಯಣಪ್ಪ ತಿಳಿನೀರಿನ ತೊಟ್ಟಿ ಖಾಲಿ ಮಾಡಿಸಿದ. ಪುರೋಹಿತರು ಗಂಜಳ ಚಿಮುಕಿಸಿದರು. ತೊಟ್ಟಿಯ ನೀರೆಲ್ಲ ಮೋರಿಗೆ ನುಗ್ಗಿ, ಹೇಲಿನ ಜೊತೆ ಕಲೆತು, ಚಪ್ಪಡಿ ಮುಚ್ಚಿದ ಬಾವಿಯ ಪಕ್ಕದಲ್ಲೇ ಹರಿದುಹೋಯಿತು. ಬಾಯಾರಿದ ಜನ ನಿಂತು ನೋಡಿದರು.

ಮರುದಿನ ಮರಳು ಕೆರೆಯಲು ಕೇರಿಯಿಂದ ಒಬ್ಬರೂ ಹೋಗಲಿಲ್ಲ. ಹಿಂದಿನ ದಿನ ಹೊರಗೆ ಸುರಿದಿದ್ದ ಕರಿ ಮರಳು ಹಾಗೇ ಒಣಗಿತು. ಒಂದು ತೊಟ್ಟಿ ಬರಿದು, ಇನ್ನೊಂದು ಪಾಚಿ ಕಟ್ಟಿದ್ದು. ಪೇಟೆಯ ನಲ್ಲಿಗಳು ತೊಟ್ಟಿಕ್ಕಿ ತೊಟ್ಟಿಕ್ಕಿ ನಿಂತವು. ಗೌನಿಪಲ್ಲಿ ಕಡೆಯಿಂದ ಕೂಲಿಯವರನ್ನು ಕರೆಸಿದರು. ಅವರೂ ಅಲ್ಲಿನ ಹೊಲಗೇರಿಯವರೇ. ಸಂಗತಿ ಕೇಳಿ, ಕೈಗೆ ಕಟ್ಟು ಹಾಕಿಕೊಂಡಿದ್ದ ಮುನಿಯಲ್ಲಪ್ಪನನ್ನು ನೋಡಿ, ಗಾಡಿ ತಿರುಗಿಸಿದರು. "ನೀವೇ ಇಳಿದು ಕೆರ್ಕೊಳಿ," ಎಂದು ಹೇಳಿ ಹೋದರು. ಪೇಟೆಯ ಗಂಡಸೊಬ್ಬನೂ ಇಳಿಯಲಿಲ್ಲ.

ಬಚ್ಚಮ್ಮನ ಮೇಲೆ ಸಾರ್ವಜನಿಕರು ಕುಡಿಯುವ ನೀರನ್ನು ಕೆಡಿಸಿದ ಅಪರಾಧ ಹಾಕಿದ್ದರು. ಮ್ಯಾಜಿಸ್ಟ್ರೇಟರು ತೊಟ್ಟಿಗೆ ಇಳಿದದ್ದು ನಿಜವೇ ಎಂದು ಕೇಳಿದರು.

"ನಿಜ ಸಾಮಿ. ಬಾಯಾರಿತ್ತು, ಇಳಿದೆ. ಒಂದು ಮಾತು ಕೇಳ್ಲಾ? ನಾನು ಇಳಿದ ಮೇಲೆ ಆ ನೀರು ಸೀಸೇಲಿ ಹಿಡಿದು ಬೆಂಗಳೂರಿಗೆ ಕಳ್ಸಿದ್ರಾ? ಕೆಟ್ಟೈತೆ ಅಂತ ಅಲ್ಲಿಂದ ಬರ್ಕೊಟ್ರಾ?"

ಮ್ಯಾಜಿಸ್ಟ್ರೇಟರು ನರಸಿಂಹಪ್ಪನ ಮುಖ ನೋಡಿದರು.

"ಪರೀಕ್ಷೆಯ ಅಗತ್ಯ ಬೀಳಲಿಲ್ಲ ಮಹಾಸ್ವಾಮಿ," ಎಂದ ನರಸಿಂಹಪ್ಪ. "ಹೊಲತಿ ಕಾಲಿಟ್ಟಿದ್ದಾಳೆ. ಅವಳೇ ಒಪ್ಪಿದ್ದಾಳೆ."

ಮೂರು ತಿಂಗಳು ಸಜಾ ಆಯಿತು. ಕೋಲಾರದ ಜೈಲಿನಲ್ಲಿ ಅವಳು ರಾಗಿ ಬೀಸಿದಳು. ಕಲ್ಲಿನ ಮೇಲೆ ಎಳೆದಾಗ ತರಚಿದ್ದ ಬೆನ್ನು ಕೀವು ಕಟ್ಟಿ ಮಾಯಲು ತಿಂಗಳು ಹಿಡಿಯಿತು.

ಬಿಡುಗಡೆಯ ದಿನ ಮುನಿಯಲ್ಲಪ್ಪ ಜೈಲಿನ ಬಾಗಿಲಲ್ಲಿ ಕಾದಿದ್ದ. ಮುರಿದ ಕೈ ಸೊಟ್ಟಗೆ ಕೂಡಿಕೊಂಡಿತ್ತು.

"ಗೆದ್ವಿ ಕಣಮ್ಮ. ಪೇಟೆಯೋರು ಹತ್ತು ದಿನ ಹೊಲದ ಬಾವೀಗೆ ಗಾಡಿ ಕಟ್ಕೊಂಡು ಹೋಗಿ ಸಾಕಾಯ್ತು. ದೊಡ್ಡನಾರಾಯಣಪ್ಪ ಹುಣಸೆಮರದ ತಾವ ಬಂದು ನಿಂತ್ಕೊಂಡ. ಕೆರೀರಪ್ಪ ಅಂದ. ನಲ್ಲಿ ಹಾಕ್ಸು, ಆಮೇಲೆ ಕೆರೀತೀವಿ ಅಂದ್ವಿ. ಯುದ್ಧಕ್ಕೆ ಹೋಗಿದ್ದ ಕಬ್ಬಿಣ ಅವರ ಷೆಡ್ಡಲ್ಲೇ ಬಿದ್ದಿತ್ತು ನೋಡು."

"ಅತ್ತೆ ಹೆಂಗವ್ಳೆ?"

"ಹೋದ್ಳಮ್ಮ. ನಲ್ಲಿ ಹಾಕೋಕೆ ಮುಂಚೇನೇ. ನೀನಿಲ್ಲ, ನೀರು ತರೋರಿಲ್ಲ. ಯಾರಿಗೂ ಹೇಳ್ದೆ ಕೆರೆ ಕಡೆ ಹೊರಟಿದ್ಳು. ದಾರೀಲೇ ಬಿದ್ದಿದ್ಳು. ಕೊಡ ಪಕ್ಕದಲ್ಲಿತ್ತು."

ಬಿಸಿಲಲ್ಲಿ ಇಬ್ಬರೂ ನಡೆದರು. ದಾರಿಯ ಒಂದು ಹಳ್ಳಿಯ ಮಾವಿನ ಮರದ ಕೆಳಗೆ ರಾತ್ರಿ ಕಳೆದು ಮತ್ತೆ ನಡೆದರು. ಬಂಡೆಕೋಟೆ ಮುಟ್ಟುವಾಗ ನಡುಮಧ್ಯಾಹ್ನ. ಮೋಟಾರು ಬಸ್ಸು ನಿಲ್ಲುವ ಜಾಗದಲ್ಲಿ ಕಾಫಿ ಹೋಟೆಲು, ಬಟ್ಟೆ ಅಂಗಡಿ, ಜನ. ನಡುವೆ ಹಿತ್ತಾಳೆ ತಿರುಪಿನ ಒಂದು ನಲ್ಲಿ.

ಬಚ್ಚಮ್ಮ ಆ ಕಡೆ ತಿರುಗಿದಳು.

"ಎಲ್ಲಿಗಮ್ಮ?" ಮುನಿಯಲ್ಲಪ್ಪ ಗಾಬರಿಯಾದ. "ನಮ್ದೇ ನಲ್ಲಿ ಐತಲ್ಲ ಕೇರಿ ಹತ್ರ. ಸಂಜೆ ಪೇಟೇಲಿ ಎಲ್ರುದೂ ತುಂಬಿದ ಮೇಲೆ ಬುಡ್ತಾರೆ. ಇನ್ನೊಂದು ಚೂರು ತಡ್ಕೋ."

"ನನಗೆ ಈಗ ಬಾಯಾರೈತೆ ಮಾವ."

ಹೋಟೆಲಿನವನು ಸೌಟು ಹಿಡಿದೇ ಹೊರಗೆ ಬಂದ. ಬಟ್ಟೆ ಅಂಗಡಿಯವನು ಗಜಕಡ್ಡಿ ಕೈಗೆತ್ತಿಕೊಂಡ. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಮುನಿಯಲ್ಲಪ್ಪ ಅತ್ತಿತ್ತ ನೋಡಿದ. ಹೆಗಲ ಮೇಲಿದ್ದ ವಸ್ತ್ರವನ್ನು ತಲೆಗೆ ಸುತ್ತಿಕೊಂಡು ಬಂದು ಅವಳ ಬೆನ್ನಿಗೆ ನಿಂತ.

ಬಚ್ಚಮ್ಮ ನಲ್ಲಿ ತಿರುಗಿಸಿದಳು.